ಎರಡನೇ ಸಲ ನೋಡುವವರು ಯಾರು?

2023ರ ಜನವರಿ 9ರಂದು ಚೀನಾದ ಪರ್ಪಲ್ ಮೌಂಟನ್ ವೀಕ್ಷಣಾಲಯ ತೆಗೆದ ಚಿತ್ರಗಳಲ್ಲಿ ಒಂದು ಮಸುಕು ಚುಕ್ಕೆ ಸಿಕ್ಕಿತು. ಅದರ ಸ್ಥಾನ ಅಳೆದು ಅಮೆರಿಕದ ಕೇಂಬ್ರಿಜ್‌ನಲ್ಲಿರುವ ಮೈನರ್ ಪ್ಲಾನೆಟ್ ಸೆಂಟರಿಗೆ ವರದಿ ಕಳಿಸಲಾಯಿತು. ಜಗತ್ತಿನ ಯಾವ ಮೂಲೆಯಲ್ಲಿ ಯಾರೇ ಹೊಸ ಕ್ಷುದ್ರಗ್ರಹವನ್ನೋ ಧೂಮಕೇತುವನ್ನೋ ಕಂಡರೂ ಸುದ್ದಿ ಮೊದಲು ಹೋಗುವುದು ಅಲ್ಲಿಗೇ. ಸೆಂಟರಿನವರು ಅದನ್ನು ದೃಢೀಕರಣಕ್ಕೆ ಕಾದಿರುವ ಕಾಯಗಳ ಪಟ್ಟಿಗೆ ಸೇರಿಸಿದರು. ಇಂಥ ಜಾಗದಲ್ಲಿ ಇಂಥದ್ದೊಂದು ಇದೆಯಂತೆ, ಆಗುವವರು ನೋಡಿ ಹೇಳಿ ಎಂದು ಜಗತ್ತಿಗೆಲ್ಲ ಕೊಡುವ ಕರೆ ಆ ಪಟ್ಟಿ. ಮೂರು ವಾರ ಕಳೆದರೂ ಯಾರೂ ನೋಡಿ ಹೇಳಲಿಲ್ಲ. ಜನವರಿ 30ರಂದು ಚುಕ್ಕೆಯನ್ನು ಪಟ್ಟಿಯಿಂದ ತೆಗೆದುಹಾಕಲಾಯಿತು. ಅದು ಕಳೆದುಹೋಯಿತು ಎಂದೇ ಲೆಕ್ಕ.

ಫೆಬ್ರವರಿ 22ರಂದು ದಕ್ಷಿಣ ಆಫ್ರಿಕಾದಲ್ಲಿರುವ ಅಟ್ಲಾಸ್ ದೂರದರ್ಶಕಕ್ಕೆ ಹೊಸದೊಂದು ಕಾಯ ಕಂಡಿತು. ಅದರ ಕಕ್ಷೆಯನ್ನು ಲೆಕ್ಕಹಾಕಿ ದಿನಗಳನ್ನು ಹಿಂದಕ್ಕೆ ಎಣಿಸುತ್ತ ಹೋದಾಗ ಅದು ಜನವರಿ 9ರ ಚೀನೀ ಚುಕ್ಕೆಯ ಮೇಲೇ ಬಂದು ನಿಂತಿತು. ಪರ್ಪಲ್ ಮೌಂಟನ್ನಿನ ಚೀನೀ ಹೆಸರು ತ್ಸುಚಿನ್‌ಶಾನ್. ಹಾಗಾಗಿ ಧೂಮಕೇತುವಿಗೆ ಇಬ್ಬರ ಹೆಸರೂ ಸೇರಿ ತ್ಸುಚಿನ್‌ಶಾನ್–ಅಟ್ಲಾಸ್ ಎಂದಾಯಿತು. ಅದರ ಅಧಿಕೃತ ಗುರುತು ಸಿ/2023 ಎ3. 2024ರ ಅಕ್ಟೋಬರಿನಲ್ಲಿ ಸೂರ್ಯಾಸ್ತದ ನಂತರ ಪಶ್ಚಿಮದಲ್ಲಿ ಉದ್ದನೆಯ ಬಾಲ ಚಾಚಿಕೊಂಡು ಬರಿಗಣ್ಣಿಗೇ ಕಂಡ ಧೂಮಕೇತು ಇದೇ. ಆಮೇಲೆ ಹಳೆಯ ಚಿತ್ರಗಳನ್ನು ತಡಕಿದಾಗ ಇನ್ನೊಂದು ಸಂಗತಿ ತಿಳಿಯಿತು. ಕ್ಯಾಲಿಫೋರ್ನಿಯಾದ ಪಾಲೊಮಾರ್ ಬೆಟ್ಟದ ಮೇಲಿನ ಕ್ಯಾಮೆರಾ 2022ರ ಡಿಸೆಂಬರ್ 22ರಂದೇ ಇದನ್ನು ಸೆರೆಹಿಡಿದಿತ್ತು.

ಅಂದರೆ ಎರಡು ತಿಂಗಳಲ್ಲಿ ಮೂರು ಖಂಡಗಳ ಮೂರು ಕ್ಯಾಮೆರಾಗಳು ಅದನ್ನು ನೋಡಿದ್ದವು. ನಡುವೆ ಅದು ಕಳೆದೂ ಹೋಗಿತ್ತು. ಆಕಾಶದಲ್ಲಿ ಹೊಸದೇನಾದರೂ ಸಿಕ್ಕಿದಾಗ ನಾವು ಸಂಭ್ರಮಿಸುವುದು ಮೊದಲು ಕಂಡವರನ್ನು. ಅದು ಸಹಜವೇ. ಆದರೆ ಮೊದಲ ನೋಟ ಈಗ ದುರ್ಲಭವಾಗಿ ಉಳಿದಿಲ್ಲ. ದುರ್ಲಭವಾಗಿರುವುದು ಎರಡನೆಯ ನೋಟ. ಧೂಮಕೇತು ಮತ್ತು ಸೂಪರ್ನೋವಾಗಳ ಶೋಧ ಇವತ್ತು ಎಲ್ಲಿ ಬಂದು ನಿಂತಿದೆ ಎಂದು ತಿಳಿಯಬೇಕಾದರೆ ಹಿಡಿಯಬೇಕಾದ ಎಳೆ ಇದು.

ಧೂಮಕೇತುವಿಗೂ ಸೂಪರ್ನೋವಾಕ್ಕೂ ಏನು ಸಂಬಂಧ ಎಂದು ಕೇಳಬಹುದು. ಒಂದು ನಮ್ಮ ಸೌರಮಂಡಲದೊಳಗೆ ಹಾದುಹೋಗುವ ಹಿಮ-ದೂಳಿನ ಗಡ್ಡೆ. ಇನ್ನೊಂದು ಕೋಟ್ಯಂತರ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯಲ್ಲಿ ಸಿಡಿದ ನಕ್ಷತ್ರ. ಆದರೆ ನೋಡುವವನ ಕಣ್ಣಿಗೆ ಎರಡೂ ಒಂದೇ ಬಗೆಯವು. ನಿನ್ನೆ ಇಲ್ಲದ ಚುಕ್ಕೆ ಇವತ್ತು ಇದೆ. 1572ರಲ್ಲಿ ಕ್ಯಾಸಿಯೋಪಿಯಾ ಪುಂಜದಲ್ಲಿ ಹೊಳೆದ ಹೊಸ ನಕ್ಷತ್ರವನ್ನೂ 1577ರ ಧೂಮಕೇತುವನ್ನೂ ಅಳೆದು, ಇವೆರಡೂ ಚಂದ್ರನಿಗಿಂತ ಆಚೆಗಿವೆ ಎಂದು ತೋರಿಸಿದವನು ಒಬ್ಬನೇ, ಟೈಕೊ ಬ್ರಾಹೆ. ಆಕಾಶ ಬದಲಾಗುವುದೇ ಇಲ್ಲ ಎಂಬ ಹಳೆಯ ನಂಬಿಕೆಗೆ ಈ ಎರಡು ಅಳತೆಗಳು ಕೊಟ್ಟ ಏಟು ದೊಡ್ಡದು. 1758ರಲ್ಲಿ ಧೂಮಕೇತುವಿನ ಬೆನ್ನು ಹತ್ತಿದ್ದ ಶಾರ್ಲ್ ಮೆಸ್ಸಿಯೇಗೆ ವೃಷಭ ಪುಂಜದಲ್ಲಿ ಒಂದು ಮಬ್ಬು ಮಚ್ಚೆ ಕಂಡಿತು. ರಾತ್ರಿಗಳು ಕಳೆದರೂ ಅದು ಕದಲಲಿಲ್ಲ. ಮತ್ತೆ ಇಂಥವುಗಳಿಂದ ಮೋಸಹೋಗಬಾರದೆಂದು ಅವನು ಮಾಡಲು ಹೊರಟ ಪಟ್ಟಿಯಲ್ಲಿ ಮೊದಲನೆಯದು ಅದೇ. ಈಗ ನಾವು ಅದನ್ನು ಏಡಿ ನೀಹಾರಿಕೆ ಎನ್ನುತ್ತೇವೆ. 1054ರಲ್ಲಿ ಚೀನೀಯರು ಹಗಲಲ್ಲೇ ಕಂಡು ದಾಖಲಿಸಿದ ಸೂಪರ್ನೋವಾದ ಅವಶೇಷ ಅದು. ಧೂಮಕೇತು ಹುಡುಕಿದವನ ಕೈಗೆ ಸಿಕ್ಕಿದ್ದು ಸತ್ತ ನಕ್ಷತ್ರ.

ಇವತ್ತೂ ಎರಡನ್ನೂ ಹುಡುಕುವ ಕ್ಯಾಮೆರಾ ಒಂದೇ, ವಿಧಾನವೂ ಹೆಚ್ಚುಕಡಿಮೆ ಒಂದೇ. ಅದನ್ನು ಕಳೆಯುವ ಲೆಕ್ಕ ಎನ್ನಬಹುದು. ಆಕಾಶದ ಒಂದು ಭಾಗದ ಹಳೆಯ, ಸ್ವಚ್ಛವಾದ ಚಿತ್ರವೊಂದನ್ನು ಇಟ್ಟುಕೊಂಡಿರುತ್ತಾರೆ. ಇವತ್ತಿನ ರಾತ್ರಿಯ ಚಿತ್ರವನ್ನು ಅದರ ಮೇಲೆ ಸರಿಯಾಗಿ ಕೂರಿಸಿ ಹಳೆಯದನ್ನು ಕಳೆಯುತ್ತಾರೆ. ಎರಡರಲ್ಲೂ ಇದ್ದದ್ದು ಅಳಿಸಿಹೋಗುತ್ತದೆ. ಸುರುಳಿ ಗೆಲಾಕ್ಸಿ ಹೋಯಿತು, ಅದರ ಹಿಂದುಮುಂದಿನ ನಕ್ಷತ್ರಗಳೆಲ್ಲ ಹೋದವು, ಬೂದು ಹಲಗೆಯಂಥ ಹಿನ್ನೆಲೆ ಉಳಿಯಿತು. ಅದರ ನಡುವೆ ಒಂದೇ ಒಂದು ಬಿಳಿ ಚುಕ್ಕೆ ಉಳಿದಿದ್ದರೆ ಹೊಸದು ಅದೇ. ಹೇಳಲು ಇಷ್ಟು ಸುಲಭ. ನಿಜವಾಗಿ ಉಳಿಯುವ ಕಸ ಅಪಾರ. ವಾತಾವರಣದ ಅಲುಗಾಟದಿಂದ ಇವತ್ತಿನ ನಕ್ಷತ್ರ ನಿನ್ನೆಗಿಂತ ಕೊಂಚ ದಪ್ಪ ಕಂಡರೆ ಸುತ್ತ ಬಳೆಯಂಥ ಗುರುತು ಉಳಿಯುತ್ತದೆ. ಕಾಸ್ಮಿಕ್ ಕಿರಣವೊಂದು ಕ್ಯಾಮೆರಾ ಚಿಪ್ಪಿಗೆ ಬಡಿದರೆ ಅಲ್ಲೊಂದು ಹುಸಿ ಚುಕ್ಕೆ. ಉಪಗ್ರಹ ಹಾದರೆ ಗೀರು. ನಿಜವಾದ ಚುಕ್ಕೆ ಯಾವುದು, ಹುಸಿ ಯಾವುದು ಎಂದು ಜರಡಿ ಹಿಡಿಯುವ ಕೆಲಸವನ್ನು ಈಗ ತರಬೇತಿ ಕೊಟ್ಟ ಸಾಫ್ಟ್‌ವೇರ್ ಮಾಡುತ್ತದೆ.

ಪಾಲೊಮಾರ್‌ನ ಜ್ವಿಕಿ ಟ್ರಾನ್ಸಿಯೆಂಟ್ ಫೆಸಿಲಿಟಿ 2018ರಿಂದ ಈ ಕೆಲಸದಲ್ಲಿದೆ. ಅದರ ಕ್ಯಾಮೆರಾ ಒಂದೇ ಸಲಕ್ಕೆ 47 ಚದರ ಡಿಗ್ರಿ ಆಕಾಶ ನೋಡುತ್ತದೆ. ಇನ್ನೂರಕ್ಕೂ ಹೆಚ್ಚು ಹುಣ್ಣಿಮೆ ಚಂದ್ರರನ್ನು ಪಕ್ಕಪಕ್ಕ ಜೋಡಿಸಿದರೆ ತುಂಬುವಷ್ಟು ಜಾಗ ಅದು. ಅಟ್ಲಾಸ್ ಕಟ್ಟಿದ್ದು ಭೂಮಿಗೆ ಬಡಿಯಬಹುದಾದ ಕ್ಷುದ್ರಗ್ರಹಗಳ ಮುನ್ಸೂಚನೆಗೆ. ಅದು ಒಂದೇ ಜಾಗವನ್ನು ಒಂದು ಗಂಟೆಯೊಳಗೆ ನಾಲ್ಕು ಸಲ ಸೆರೆಹಿಡಿಯುತ್ತದೆ. ನಾಲ್ಕರಲ್ಲೂ ಚುಕ್ಕೆ ಕದಲದೆ ನಿಂತಿದ್ದರೆ ಅದು ಸಿಡಿದ ನಕ್ಷತ್ರವಿರಬಹುದು. ಹೆಜ್ಜೆ ಹೆಜ್ಜೆಯಾಗಿ ಸರಿದಿದ್ದರೆ ನಮ್ಮ ಸೌರಮಂಡಲದ್ದು.

ಇಲ್ಲಿಂದ ಮುಂದೆ ದಾರಿ ಎರಡಾಗುತ್ತದೆ. ಧೂಮಕೇತುವಿನ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ 'ಎಲ್ಲಿಗೆ ಹೊರಟಿದೆ?' ಸೂಪರ್ನೋವಾದ ವಿಷಯದಲ್ಲಿ 'ಇದು ಏನು?'

ಮೊದಲು ಧೂಮಕೇತು. 1801ರ ಜನವರಿ 1ರಂದು ಪಿಯಾಝಿ ಎಂಬ ಇಟಲಿಯ ಖಗೋಳಜ್ಞ ಸೀರಿಸ್ ಎಂಬ ಕಾಯವನ್ನು ಕಂಡ. ಫೆಬ್ರವರಿ 11ರವರೆಗೆ ಹಿಂಬಾಲಿಸಿದ. ಆಮೇಲೆ ಅದು ಸೂರ್ಯನ ಬೆಳಕಿನಲ್ಲಿ ಮುಳುಗಿತು, ಮತ್ತೆ ಎಲ್ಲಿ ಮೇಲೇಳುತ್ತದೋ ಯಾರಿಗೂ ಗೊತ್ತಾಗಲಿಲ್ಲ. ಇಪ್ಪತ್ತನಾಲ್ಕು ವರ್ಷದ ಗೌಸ್ ಆ ಕೆಲವೇ ಅಳತೆಗಳಿಂದ ಕಕ್ಷೆ ಕಟ್ಟುವ ಗಣಿತ ಹೊಸೆದು ಜಾಗ ಹೇಳಿದ. ವರ್ಷದ ಕೊನೆಗೆ ಸೀರಿಸ್ ಅಲ್ಲಿಯೇ ಸಿಕ್ಕಿತು. ತತ್ತ್ವ ಇವತ್ತಿಗೂ ಅದೇ. ಮೂರು ಬೇರೆ ಬೇರೆ ಹೊತ್ತಿನ ಸ್ಥಾನಗಳಿದ್ದರೆ ಒಂದು ಕಕ್ಷೆ ಎಳೆಯಬಹುದು. ಆದರೆ ಆ ಮೂರೂ ಒಂದೇ ರಾತ್ರಿಯವಾದರೆ ಎಳೆದ ಕಕ್ಷೆಯನ್ನು ನಂಬುವ ಹಾಗಿಲ್ಲ. ಅಂಗೈಯಗಲದ ಗೆರೆ ನೋಡಿ ಅದು ಯಾವ ದೊಡ್ಡ ವೃತ್ತದ ತುಂಡು ಎಂದು ಹೇಳಲು ಹೋದಂತೆ. ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಮುಂದಿನ ತಿಂಗಳು ಕಾಯ ಇರುವ ಜಾಗ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಅದಕ್ಕೇ ಮರುದಿನ, ಮರುವಾರ, ಮರುತಿಂಗಳು ಯಾರಾದರೂ ನೋಡುತ್ತಲೇ ಇರಬೇಕು. ತ್ಸುಚಿನ್‌ಶಾನ್ ಜನವರಿಯಲ್ಲಿ ಕಳೆದುಹೋದದ್ದು ಆ ನೋಡುವ ಕೆಲಸ ನಡೆಯದ್ದರಿಂದ.

ಈ ಕೆಲಸ ಸರಿಯಾಗಿ ನಡೆದರೆ ಏನಾಗುತ್ತದೆ ಎಂಬುದಕ್ಕೆ 3ಐ/ಅಟ್ಲಾಸ್ ಧೂಮಕೇತು ಉದಾಹರಣೆ. 2025ರ ಜುಲೈ 1ರಂದು ಚಿಲಿಯ ರಿಯೊ ಉರ್ತಾಡೊದಲ್ಲಿರುವ ಅಟ್ಲಾಸ್ ದೂರದರ್ಶಕ ಅದನ್ನು ಕಂಡಿತು. ಬೇರೆ ವೀಕ್ಷಣಾಲಯಗಳು ಕೂಡಲೇ ಅತ್ತ ತಿರುಗಿದವು. ಹಳೆಯ ಚಿತ್ರಗಳನ್ನು ಕೆದಕಿದಾಗ ಜೂನ್ ಮಧ್ಯದ ಪಾಲೊಮಾರ್ ಚಿತ್ರಗಳಲ್ಲೂ ಅದು ಸಿಕ್ಕಿತು. ಗೆರೆಯ ತುಂಡು ಒಮ್ಮೆಲೇ ಉದ್ದವಾಯಿತು. ಒಂದೆರಡು ದಿನಗಳಲ್ಲೇ ಇದು ಸೂರ್ಯನಿಗೆ ಸೇರಿದ ಕಾಯವಲ್ಲ, ಬೇರೆ ನಕ್ಷತ್ರದ ಕಡೆಯಿಂದ ಬಂದದ್ದು ಎಂದು ಘೋಷಿಸಲು ಸಾಧ್ಯವಾಯಿತು. ಕಕ್ಷೆಯ ಆಕಾರ ಹೇಳುವ ಸಂಖ್ಯೆಯನ್ನು ಉತ್ಕೇಂದ್ರತೆ ಎನ್ನುತ್ತಾರೆ. ವೃತ್ತಕ್ಕೆ ಸೊನ್ನೆ, ಸುತ್ತಿ ಬರುವ ದೀರ್ಘವೃತ್ತಕ್ಕೆ ಒಂದಕ್ಕಿಂತ ಕಡಿಮೆ. ಒಂದನ್ನು ದಾಟಿದ್ದು ಮತ್ತೆ ತಿರುಗಿ ಬರುವುದಿಲ್ಲ. ಇದರದ್ದು 6ನ್ನು ದಾಟಿತ್ತು. ಅದಕ್ಕೆ ಮೊದಲು ಹೀಗೆ ಹೊರಗಿನಿಂದ ಬಂದವು ಎಂದು ಖಚಿತವಾದವು ಎರಡೇ. 2017ರ ಔಮುವಾಮುವಾ ಮತ್ತು 2019ರ ಬೊರಿಸೊವ್.

ಸೂರ್ಯನ ಸಮೀಪ ಹೋಗುವ ಹೊತ್ತಿಗೆ 3ಐ ಭೂಮಿಯಿಂದ ನೋಡಿದರೆ ಸೂರ್ಯನ ಆಚೆ ಬದಿಯಲ್ಲಿತ್ತು. ಆಗ ನೆರವಿಗೆ ಬಂದದ್ದು ಮಂಗಳನನ್ನು ಸುತ್ತುತ್ತಿರುವ ಯುರೋಪಿನ ಟ್ರೇಸ್ ಗ್ಯಾಸ್ ಆರ್ಬಿಟರ್. ಮಂಗಳನ ನೆಲದ ಚಿತ್ರ ತೆಗೆಯಲೆಂದು ಕಳಿಸಿದ ಕ್ಯಾಮೆರಾವನ್ನು ಅಕ್ಟೋಬರಿನಲ್ಲಿ ಆಕಾಶದ ಕಡೆ ತಿರುಗಿಸಿದರು. ಬೇರೊಂದು ಗ್ರಹದ ಬಳಿಯಿಂದ, ಬೇರೊಂದು ಕೋನದಿಂದ ಸಿಕ್ಕ ಆ ಅಳತೆಗಳು ಸೇರಿದ ಮೇಲೆ ಅದರ ದಾರಿಯ ಅಂದಾಜು ಹತ್ತು ಪಟ್ಟು ನಿಖರವಾಯಿತು. ಹೊಸ ದೂರದರ್ಶಕ ಕಟ್ಟದೆ, ಇರುವ ಕಣ್ಣನ್ನೇ ಸರಿಯಾದ ಹೊತ್ತಿಗೆ ಸರಿಯಾದ ಕಡೆ ತಿರುಗಿಸಿ ಪಡೆದ ಫಲ ಇದು. ನನಗೆ ಈ ಪ್ರಸಂಗ ಶೋಧದ ಸುದ್ದಿಗಿಂತ ದೊಡ್ಡದಾಗಿ ಕಾಣುತ್ತದೆ.

ಧೂಮಕೇತುವನ್ನು ಬಿಡದೆ ಹಿಂಬಾಲಿಸಲು ಇನ್ನೊಂದು ಕಾರಣವಿದೆ. ಅದು ಗುರುತ್ವಕ್ಕೆ ಮಾತ್ರ ಮಣಿಯುವ ಕಲ್ಲಲ್ಲ. ಬಿಸಿಲು ತಾಗಿದ ಕಡೆ ಹಿಮ ಆವಿಯಾಗಿ ಚಿಮ್ಮುತ್ತದೆ, ಆ ಚಿಮ್ಮುವಿಕೆ ಧೂಮಕೇತುವನ್ನು ಎದುರು ದಿಕ್ಕಿಗೆ ಮೆಲ್ಲಗೆ ತಳ್ಳುತ್ತದೆ. ದಾರಿ ಕೊಂಚ ಕೊಂಚವೇ ತಪ್ಪುತ್ತದೆ. ಹೊಳಪಂತೂ ಹೇಳಿದ ಮಾತು ಕೇಳುವುದಿಲ್ಲ. 2012ರಲ್ಲಿ ಕಂಡ ಐಸಾನ್ ಧೂಮಕೇತುವನ್ನು ಶತಮಾನದ ಧೂಮಕೇತು ಎಂದು ಹಾಡಿ ಹೊಗಳಿದ್ದರು. 2013ರ ನವೆಂಬರ್ 28ರಂದು ಸೂರ್ಯನ ಬಳಿ ಸುತ್ತು ಹಾಕುವಾಗಲೇ ಅದು ಪುಡಿಪುಡಿಯಾಯಿತು. ಒಂದು ವರ್ಷ ಮೊದಲೇ 'ಇಷ್ಟು ಹೊಳೆಯುತ್ತದೆ' ಎಂದು ತಲೆಬರಹ ಕೊಡುವವರನ್ನು ನಂಬಬೇಡಿ. ಅವರ ಕೈಯಲ್ಲಿರುವುದು ದೂರದಲ್ಲಿ ಕಂಡ ಹೊಳಪನ್ನು ಮುಂದಕ್ಕೆಳೆದ ಗೆರೆ ಮಾತ್ರ.

ಇನ್ನು ಸೂಪರ್ನೋವಾ. ಅದು ಎಲ್ಲಿಗೂ ಹೋಗುವುದಿಲ್ಲ, ಹುಡುಕಿಕೊಂಡು ಅಲೆಯಬೇಕಿಲ್ಲ. ಆದರೆ ಇಲ್ಲಿನ ಕೊರತೆ ಇನ್ನೂ ದೊಡ್ಡದು. ಹೊಸ ಚುಕ್ಕೆಗಳಿಗೆ ಹೆಸರು ಕೊಡುವ ಪದ್ಧತಿಯಲ್ಲೇ ಅದು ಕಾಣುತ್ತದೆ. ವರ್ಷದ ಮೊದಲ 26ಕ್ಕೆ ಇಂಗ್ಲಿಷಿನ ಒಂದೊಂದು ದೊಡ್ಡಕ್ಷರ. ಮುಗಿದರೆ ಸಣ್ಣಕ್ಷರದ ಜೋಡಿ, ಅದೂ ಮುಗಿದರೆ ಮೂರಕ್ಷರ. ಮೂರಕ್ಷರವೂ ಮುಗಿಯಬೇಕಾದರೆ 18,278 ಹೆಸರು ಖರ್ಚಾಗಿರಬೇಕು. 2021ರ ನವೆಂಬರಿನಲ್ಲಿ ಕಂಡ ಒಂದು ಸೂಪರ್ನೋವಾದ ಹೆಸರು 2021ಎಇಎಫ್‌ಎಕ್ಸ್. ನಾಲ್ಕಕ್ಷರ! ಎಣಿಸಿ ನೋಡಿದರೆ ಅದು ಆ ವರ್ಷದ ಇಪ್ಪತ್ತೊಂದು ಸಾವಿರದ ಗಡಿ ದಾಟಿದ ಹೆಸರು. 1987ರಲ್ಲಿ ಇಡೀ ಜಗತ್ತನ್ನು ಎಬ್ಬಿಸಿ ಕೂರಿಸಿದ ಸೂಪರ್ನೋವಾಕ್ಕೆ ಇದ್ದದ್ದು 'ಎ' ಎಂಬ ಒಂದಕ್ಷರ.

ಹೀಗೆ ಹೆಸರು ಪಡೆದವೆಲ್ಲ ಸೂಪರ್ನೋವಾಗಳೇ ಎಂದಲ್ಲ. ಮೊದಲು ಅವಕ್ಕೆ 'ಎಟಿ' ಎಂಬ ತಾತ್ಕಾಲಿಕ ಮುದ್ರೆ ಬೀಳುತ್ತದೆ. ಗೆಲಾಕ್ಸಿಯ ನಡುವಿನ ಕಪ್ಪುಕುಳಿ ಏನನ್ನೋ ನುಂಗಿ ಹೊಳೆದಿರಬಹುದು, ನಮ್ಮದೇ ಆಕಾಶಗಂಗೆಯ ನಕ್ಷತ್ರವೊಂದು ಭುಗಿಲೆದ್ದಿರಬಹುದು. 'ಎಟಿ' ಹೋಗಿ 'ಎಸ್‌ಎನ್' ಬರಬೇಕಾದರೆ ಅದರ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಬೇಕು. ಇದೇ ರೋಹಿತ. ರೋಹಿತದಲ್ಲಿ ಹೈಡ್ರೋಜನ್ನಿನ ಗುರುತಿದ್ದರೆ ದೊಡ್ಡ ನಕ್ಷತ್ರವೊಂದರ ಒಡಲು ಕುಸಿದು ಸಿಡಿದದ್ದು. ಹೈಡ್ರೋಜನ್ ಇಲ್ಲದೆ ಸಿಲಿಕಾನಿನ ಗಾಢ ಗೆರೆಯಿದ್ದರೆ ಶ್ವೇತಕುಬ್ಜವೊಂದು (ಇಂಧನ ತೀರಿ ಕುಗ್ಗಿದ ದಟ್ಟ ನಕ್ಷತ್ರ) ಉಷ್ಣಬೈಜಿಕ ಸ್ಫೋಟದಲ್ಲಿ ಹೋದದ್ದು, ಅಂದರೆ ಒಂದು-ಎ ಬಗೆ. ಈ ಎರಡನೆಯ ಬಗೆಯ ನಿಜಹೊಳಪನ್ನು ಲೆಕ್ಕಹಾಕಬಹುದಾದ್ದರಿಂದ ದೂರ ಅಳೆಯಲು ಅವೇ ಕೈಗೋಲು. 1998ರಲ್ಲಿ ವಿಶ್ವದ ಹಿಗ್ಗುವಿಕೆ ವೇಗ ಹೆಚ್ಚಿಸಿಕೊಳ್ಳುತ್ತಿದೆ ಎಂದು ಕಂಡುಕೊಂಡದ್ದು ಇವುಗಳಿಂದಲೇ, 2011ರ ಭೌತವಿಜ್ಞಾನ ನೊಬೆಲ್ ಬಂದದ್ದೂ ಅದಕ್ಕೇ.

ಸಮಸ್ಯೆ ಏನೆಂದರೆ, ಚಿತ್ರ ತೆಗೆಯುವ ಕ್ಯಾಮೆರಾ ಒಂದೇ ಸಲಕ್ಕೆ ಸಾವಿರಾರು ಗೆಲಾಕ್ಸಿಗಳನ್ನು ನೋಡುತ್ತದೆ. ರೋಹಿತ ತೆಗೆಯುವ ಉಪಕರಣ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದನ್ನೇ. ಬೆಳಕನ್ನು ಹರಡಿ ನೋಡುವುದರಿಂದ ಹೆಚ್ಚು ಬೆಳಕು, ಹೆಚ್ಚು ಹೊತ್ತು, ದೊಡ್ಡ ಕನ್ನಡಿ ಬೇಕು. ಹಾಗಾಗಿ ಕಂಡವುಗಳಲ್ಲಿ ಹತ್ತಕ್ಕೆ ಒಂದರ ಆಸುಪಾಸಿಗೆ ಮಾತ್ರ ರೋಹಿತದ ಭಾಗ್ಯ. ಉಳಿದವು ಕೆಲವು ವಾರ ಹೊಳೆದು, ತಾವು ಯಾರೆಂದು ಹೇಳದೆಯೇ ಆರಿಹೋಗುತ್ತವೆ.

ಅದರಲ್ಲೂ ಮೊದಲ ಗಂಟೆಗಳ ಬೆಲೆಯೇ ಬೇರೆ. ಒಡಲಿನ ಆಘಾತದ ಅಲೆ ನಕ್ಷತ್ರದ ಮೇಲ್ಮೈಯನ್ನು ಸೀಳಿ ಹೊರಬರುವ ಕ್ಷಣ ಅಲ್ಲಿರುತ್ತದೆ. ಸಿಡಿಯುವ ಮೊದಲು ನಕ್ಷತ್ರ ಸುತ್ತ ಚೆಲ್ಲಿಕೊಂಡಿದ್ದ ಅನಿಲ ಬೆಳಗಿ ತೋರುವುದೂ ಆಗಲೇ. ತಡಮಾಡಿದರೆ ಸಿಡಿದ ಚೂರುಗಳು ಎಲ್ಲವನ್ನೂ ಮುಚ್ಚಿಬಿಡುತ್ತವೆ. 2016ರ ಸೆಪ್ಟೆಂಬರಿನಲ್ಲಿ ಅರ್ಜೆಂಟಿನಾದ ಹವ್ಯಾಸಿ ವಿಕ್ಟರ್ ಬುಸೊ ತನ್ನ ಹೊಸ ಕ್ಯಾಮೆರಾ ಪರೀಕ್ಷಿಸಲೆಂದು ಎನ್‌ಜಿಸಿ 613 ಗೆಲಾಕ್ಸಿಯತ್ತ ದೂರದರ್ಶಕ ತಿರುಗಿಸಿ ಸಾಲಾಗಿ ಚಿತ್ರ ತೆಗೆಯುತ್ತ ಕೂತಿದ್ದರು. ಮೊದಲ ಚಿತ್ರಗಳಲ್ಲಿ ಏನೂ ಇಲ್ಲ. ಆಮೇಲಿನವುಗಳಲ್ಲಿ ಒಂದು ಚುಕ್ಕೆ, ಚಿತ್ರದಿಂದ ಚಿತ್ರಕ್ಕೆ ಬೆಳಗುತ್ತ ಬಂತು. ಆಘಾತದ ಅಲೆ ಹೊರಬಂದ ಗಳಿಗೆಯೇ ಅವರ ಕೈಗೆ ಸಿಕ್ಕಿತ್ತು. ಅವರು ಸುಮ್ಮನಿರದೆ ಬೇರೆಯವರಿಗೆ ತಿಳಿಸಿದ್ದರಿಂದ ದೊಡ್ಡ ದೂರದರ್ಶಕಗಳು ಬೇಗನೆ ಅತ್ತ ತಿರುಗಿದವು. 2024ರ ಏಪ್ರಿಲಿನಲ್ಲಿ 2.2 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ 2024ಜಿಜಿಐ ಕಂಡಾಗಲೂ ಹೀಗೇ. ಸುದ್ದಿ ತಿಳಿದ ಸಂಶೋಧಕರು ಗಂಟೆಗಳೊಳಗೆ ಅರ್ಜಿ ಬರೆದರು. ಮೊದಲು ಕಂಡ 26 ಗಂಟೆಗಳಲ್ಲಿ ಚಿಲಿಯ ವೆರಿ ಲಾರ್ಜ್ ಟೆಲಿಸ್ಕೋಪ್ ಅದನ್ನು ನೋಡಿತು. ಸ್ಫೋಟ ಗುಂಡಗೆ ಹೊರಬರಲಿಲ್ಲ, ಆಲಿವ್ ಕಾಯಿಯಂತೆ ಉದ್ದವಾಗಿ ಹೊರಬಂತು ಎಂದು ಅದರ ಬೆಳಕಿನ ಧ್ರುವೀಕರಣ, ಅಂದರೆ ಬೆಳಕಿನ ಅಲೆಗಳು ಕಂಪಿಸುವ ದಿಕ್ಕು, ಹೇಳಿತು. ಒಂದು ದಿನ ತಡವಾಗಿದ್ದರೆ ಆ ಆಕಾರ ತಿಳಿಯುತ್ತಿರಲಿಲ್ಲ.

1987ರ ಫೆಬ್ರವರಿ 24ರ ರಾತ್ರಿಯನ್ನೂ ಇಲ್ಲಿ ಹೇಳಬೇಕು. ಚಿಲಿಯ ಲಾಸ್ ಕಂಪಾನಾಸ್ ಬೆಟ್ಟದಲ್ಲಿ ಇಯನ್ ಶೆಲ್ಟನ್ ನಮ್ಮ ನೆರೆಯ ಗೆಲಾಕ್ಸಿಯಾದ ದೊಡ್ಡ ಮೆಗಲ್ಲಾನಿಕ್ ಮೋಡದ ಫೋಟೊ ಫಲಕವೊಂದನ್ನು ತೊಳೆದು ನೋಡಿದರು. ಇರಬಾರದ ಕಡೆ ದಪ್ಪ ಚುಕ್ಕೆಯೊಂದಿತ್ತು. ಫಲಕದ ದೋಷವೇ ಎಂದು ಅನುಮಾನವಾಯಿತು. ಹೊರಗೆ ಬಂದು ತಲೆಯೆತ್ತಿದರು. ಚುಕ್ಕೆ ಆಕಾಶದಲ್ಲೂ ಇತ್ತು. ಅದೇ ಬೆಟ್ಟದ ಇನ್ನೊಂದು ದೂರದರ್ಶಕದ ಸಹಾಯಕ ಆಸ್ಕರ್ ದುಹಾಲ್ಡೆ ಅದಕ್ಕೂ ಮೊದಲೇ ಹೊರಗೆ ಬಂದಾಗ ಬರಿಗಣ್ಣಲ್ಲೇ ಅದನ್ನು ಕಂಡಿದ್ದರು. ಕೆಲಸದ ಗಡಿಬಿಡಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಆಮೇಲೆ ಜಪಾನ್, ಅಮೆರಿಕ, ಸೋವಿಯತ್ ಒಕ್ಕೂಟದ ನೆಲದಡಿಯ ಶೋಧಕಗಳ ದಾಖಲೆ ತೆರೆದರೆ ನಕ್ಷತ್ರದ ಒಡಲು ಕುಸಿದಾಗ ಹೊರಬೀಳುವ ನ್ಯೂಟ್ರಿನೊ ಎಂಬ ಸೂಕ್ಷ್ಮ ಕಣಗಳು ಸುಮಾರು ಎರಡು ಡಜನ್ ಸಿಕ್ಕವು. ಬೆಳಕಿಗಿಂತ ಕೆಲವು ಗಂಟೆ ಮೊದಲೇ ಬಂದು, ಯಾರೂ ನೋಡದೆ ಉಳಿದಿದ್ದವು. ಮುಂದಿನ ತಿಂಗಳುಗಳಲ್ಲಿ ಅದರ ಹೊಳಪು ಕುಂದುತ್ತ ಹೋದ ರೀತಿ ವಿಕಿರಣಶೀಲ ಕೋಬಾಲ್ಟ್-56ರ 77 ದಿನಗಳ ಅರ್ಧಾಯುಷ್ಯಕ್ಕೆ (ಅದು ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ) ತಾಳೆಯಾಯಿತು. ನಕ್ಷತ್ರದ ಸಾವಿನಲ್ಲಿ ಹೊಸ ಧಾತುಗಳು ಹುಟ್ಟುತ್ತವೆ ಎಂಬುದಕ್ಕೆ ಸಿಕ್ಕ ಆ ಸಾಕ್ಷ್ಯ ತಿಂಗಳುಗಟ್ಟಲೆ ಬಿಡದೆ ನೋಡಿದವರದ್ದು.

ಈಗ ಈ ಅಂತರ ಇನ್ನೂ ಹಿಗ್ಗಲಿದೆ. ಚಿಲಿಯ ಸೆರೋ ಪಚೋನ್ ಮೇಲಿನ ವೆರಾ ರೂಬಿನ್ ವೀಕ್ಷಣಾಲಯ 2025ರ ಜೂನಿನಲ್ಲಿ ತನ್ನ ಮೊದಲ ಚಿತ್ರಗಳನ್ನು ತೋರಿಸಿತು. 8.4 ಮೀಟರ್ ಕನ್ನಡಿ, 3,200 ಮೆಗಾಪಿಕ್ಸೆಲ್ ಕ್ಯಾಮೆರಾ. ಆಕಾಶದಲ್ಲಿ ಬದಲಾದುದರ ಬಗ್ಗೆ ರಾತ್ರಿಯೊಂದಕ್ಕೆ ಒಂದು ಕೋಟಿಯವರೆಗೆ ಎಚ್ಚರಿಕೆಗಳನ್ನು, ಚಿತ್ರ ತೆಗೆದ ನಿಮಿಷದೊಳಗೆ ಕಳಿಸುವಂತೆ ಅದನ್ನು ರೂಪಿಸಿದ್ದಾರೆ. ಅದಕ್ಕೆ ಸಿಗುವ ಬಹುಪಾಲು ಸೂಪರ್ನೋವಾಗಳು ಎಷ್ಟು ಮಸುಕು ಎಂದರೆ ರೋಹಿತ ತೆಗೆಯಲು ಜಗತ್ತಿನ ಅತಿದೊಡ್ಡ ದೂರದರ್ಶಕಗಳೂ ಸಾಲವು. ಹೊಳಪಿನ ಏರಿಳಿತ ನೋಡಿಯೇ ಬಗೆ ಊಹಿಸುವ ಸಾಫ್ಟ್‌ವೇರನ್ನು ನೆಚ್ಚಬೇಕು. ಅದಕ್ಕೆ ತರಬೇತಿ ಕೊಡಲು ಮತ್ತೆ ರೋಹಿತವೇ ಬೇಕು. ಹೊಸ ಕಣ್ಣಿಗೆ ಹಾಕಿದಷ್ಟೇ ಹಣವನ್ನು ಅದು ಕಂಡದ್ದನ್ನು ಹಿಂಬಾಲಿಸುವ ನಡುಗಾತ್ರದ ದೂರದರ್ಶಕಗಳಿಗೂ ಕೊಡಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಹಣ ಕೊಡುವವರ ಕಣ್ಣಿಗೆ ಅವು ಬೀಳುವುದು ಕಡಿಮೆ.

ಹವ್ಯಾಸಿಗಳ ಕಾಲ ಮುಗಿಯಿತೇ? ಮಂಜಿನ ಮಚ್ಚೆ ಹುಡುಕುತ್ತ ರಾತ್ರಿಯೆಲ್ಲ ಬೈನಾಕ್ಯುಲರ್ ಹಿಡಿದು ಕೂತು, 1996ರಲ್ಲಿ ಜಪಾನಿನ ಹವ್ಯಾಸಿ ಹ್ಯಾಕುಟಾಕೆ ಮಾಡಿದಂತೆ, ಧೂಮಕೇತುವಿಗೆ ತನ್ನ ಹೆಸರು ಕೊಡುವ ಕಾಲ ಬಹುಮಟ್ಟಿಗೆ ಮುಗಿದಿದೆ ಎಂದು ನೋವಿನಿಂದಲೇ ಒಪ್ಪುತ್ತೇನೆ. ಆದರೆ ದೊಡ್ಡ ಸಮೀಕ್ಷೆಗಳು ನೋಡಲಾರದ ಜಾಗಗಳಿವೆ. ಒಂದು, ಸೂರ್ಯನ ಪಕ್ಕ. ಹವ್ಯಾಸಿ ಬೊರಿಸೊವ್ ತಾನೇ ಕಟ್ಟಿದ 65 ಸೆಂಟಿಮೀಟರ್ ದೂರದರ್ಶಕದಲ್ಲಿ ಅಂತರತಾರಾ ಧೂಮಕೇತುವನ್ನು ಹಿಡಿದದ್ದು ಬೆಳಗಿನ ಜಾವದ ತಗ್ಗು ಆಕಾಶದಲ್ಲಿ. ಸೂರ್ಯನನ್ನೇ ದಿಟ್ಟಿಸುವ ಸೋಹೊ ನೌಕೆಯ ಚಿತ್ರಗಳಲ್ಲಿ 2024ರ ಮಾರ್ಚಿನ ಹೊತ್ತಿಗೆ 5,000 ಧೂಮಕೇತುಗಳು ಸಿಕ್ಕಿದ್ದವು, ಹೆಚ್ಚಿನವನ್ನು ಹುಡುಕಿದ್ದು ಕಂಪ್ಯೂಟರ್ ಮುಂದೆ ಕೂತ ಸ್ವಯಂಸೇವಕರು. ಇನ್ನೊಂದು, ತೀರಾ ಹೊಳೆಯುವ ಚುಕ್ಕೆಗಳು. ರೂಬಿನ್‌ನಂಥ ದೊಡ್ಡ ಕಣ್ಣಿಗೆ ಅವು ಕುಕ್ಕುತ್ತವೆ, ಚಿಪ್ಪು ತುಂಬಿ ಅಳತೆ ಕೆಡುತ್ತದೆ. 2023ರ ಮೇ 19ರಂದು ಎಂ101 ಗೆಲಾಕ್ಸಿಯಲ್ಲಿ ಹತ್ತಾರು ವರ್ಷಗಳಲ್ಲೇ ಅತಿ ಸಮೀಪದ ಸೂಪರ್ನೋವಾಗಳಲ್ಲಿ ಒಂದನ್ನು ಕಂಡವರು ಜಪಾನಿನ ಹವ್ಯಾಸಿ ಕೊಯಿಚಿ ಇತಗಾಕಿ. ಅದಕ್ಕೂ ಮೊದಲಿನ ಗಂಟೆಗಳ ಹೊಳಪು ತಿಳಿದದ್ದು ಅದೇ ರಾತ್ರಿ ಆ ಗೆಲಾಕ್ಸಿಯ ಚಿತ್ರ ತೆಗೆಯುತ್ತಿದ್ದ ಬೇರೆ ಹವ್ಯಾಸಿಗಳಿಂದ.

ಆ ಸಂಜೆ-ಮುಂಜಾನೆಯ ಆಕಾಶಕ್ಕೇ ಈಗ ಕುತ್ತು ಬಂದಿದೆ. ಸುತ್ತುತ್ತಿರುವ ಸಕ್ರಿಯ ಉಪಗ್ರಹಗಳ ಸಂಖ್ಯೆ ಹತ್ತು ಸಾವಿರ ದಾಟಿದೆ. ಅವು ಹೆಚ್ಚು ಹೊಳೆಯುವುದು ಸೂರ್ಯ ಮುಳುಗಿದ ಮತ್ತು ಹುಟ್ಟುವ ಮುಂಚಿನ ಹೊತ್ತಿನಲ್ಲಿ, ಧೂಮಕೇತು ಹುಡುಕುವವರು ನೋಡುವ ಅದೇ ಹೊತ್ತಿನಲ್ಲಿ.

ಇದರ ನಡುವೆ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಕಾಮೆಟ್ ಇಂಟರ್ಸೆಪ್ಟರ್ ಎಂಬ ನೌಕೆಯನ್ನು ಸಿದ್ಧಪಡಿಸುತ್ತಿದೆ. ಈ ದಶಕದ ಕೊನೆಗೆ ಹಾರಿಸುವ ಯೋಜನೆ. ಅದು ಹೋಗಬೇಕಾದ ಧೂಮಕೇತುವನ್ನು ಇನ್ನೂ ಆರಿಸಿಲ್ಲ. ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ಹೋಗಿ ನಿಂತು, ಸೂರ್ಯನ ಕಡೆಗೆ ಮೊದಲ ಸಲ ಬರುತ್ತಿರುವ ಧೂಮಕೇತುವೊಂದು ಸಿಗಲಿ ಎಂದು ಅದು ಕಾಯಬೇಕು. ಸಿಕ್ಕ ಮೇಲೆ ಅದರ ದಾರಿಯನ್ನು ಕೆಳಗಿನವರು ತಿಂಗಳುಗಟ್ಟಲೆ ಅಳೆದು ಕೊಟ್ಟರೆ ಮಾತ್ರ ನೌಕೆ ಹೊರಡಬಲ್ಲದು. ಹತ್ತಿರ ಹೋದಾಗ ಎರಡು ಪುಟ್ಟ ಶೋಧಕಗಳನ್ನು ಬೇರ್ಪಡಿಸಿ, ಮೂರು ಕಡೆಯಿಂದ ಒಮ್ಮೆಲೇ ನೋಡುತ್ತ ಹಾದುಹೋಗುತ್ತದೆ.